ಬೀಗದ ಕೈ ಮುಟ್ಟಬೇಡಿ ಎಂದ ಲಾಯರಮ್ಮ

ಲಾಯರಮ್ಮನ ಕರಿ ಕೋಟಿನ ಮೊಣಕೈ ಸವೆದು ಕಂದು ಬಣ್ಣಕ್ಕೆ ತಿರುಗಿತ್ತು. ಯಾವ ಕಾಗದ ಕೊಟ್ಟರೂ ಮೊದಲು ಹಿಂಬದಿ ತಿರುಗಿಸಿ ನೋಡುವರು, ಕಿಟಕಿ ಬೆಳಕಿಗೆ ಹಿಡಿಯುವರು, ಸೀರೆಯಲ್ಲಿ ತೂತಿದೆಯೇ ಎಂದು ಹುಡುಕುವವರ ಹಾಗೆ. ಆಮೇಲೇ ಓದುವುದು.

ಕೈಲಾಂಚದ ಕಡೆ ನಮ್ಮ ಹಿಪ್ಪುನೇರಳೆ ತೋಟಕ್ಕೆ ಪಕ್ಕದ ಜಮೀನಿನ ಮೇಲೇ ಗಾಡಿದಾರಿ, ಮಾವನವರ ಕಾಲದಿಂದಲೂ. ಆ ಜಮೀನು ಕೊಂಡ ಹೊಸಬ ಬೇಲಿ ಹಾಕಿ ಗೇಟಿಗೆ ಬೀಗ ಜಡಿದ. ಮನೆಯಲ್ಲಿ ರೇಷ್ಮೆಹುಳ ನಾಲ್ಕನೇ ಜ್ವರ ಮುಗಿಸಿ, ಅಂದರೆ ಕೊನೆಯ ಸಲ ಪೊರೆ ಕಳಚಿ ಎದ್ದು, ಬಕಬಕನೆ ಸೊಪ್ಪು ತಿನ್ನುವ ಹೊತ್ತು. ಸೊಪ್ಪು ತಪ್ಪಿದರೆ ಬೆಳೆಯೇ ಹೋಯಿತು.

ಹೊಸಬ ನಗುತ್ತಲೇ ಬಂದ. "ಬೀಗದ ಕೈ ನಿಮಗೂ ಒಂದು ಕೊಡ್ತೀನಿ ಅಜ್ಜಿ. ಈ ಚೀಟಿಗೆ ಸೈನ್ ಹಾಕಿ, ಸಾಕು."

"ದ್ಯಾವ್ರಂಥ ಮನ್ಸ ಕಣಮ್ಮಿ, ಹಾಕ್ಬುಡು" ಎಂದರು ನಮ್ಮ ಯಜಮಾನರು.

ದೇವರಂಥವನಿಗೆ ಸೈನ್ ಯಾಕೆ? ನಾನು ಓದಿದ್ದು ಮೂರನೇ ಕ್ಲಾಸು. ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡು ರಾಮನಗರದ ಬಸ್ಸು ಹತ್ತಿದೆ. ಕೋರ್ಟಿನ ಎದುರು ಲಾಯರ್ ಬೋರ್ಡು ಕಂಡು ಒಳಗೆ ಹೋದರೆ ಲಾಯರಮ್ಮ ಕೂತಿದ್ದರು.

"ನಿಮ್ಮ ಮಾವ ಆ ದಾರೀಲಿ ಯಾರನ್ನ ಕೇಳಿ ಓಡಾಡ್ತಿದ್ರು?" ಎಂದರು.

"ಯಾರ್ನ ಕೇಳಾದವ್ವ? ದಾರಿ ಐತೆ, ಓಡಾಡ್ತೀವಿ."

"‘ಮಾಲೀಕರ ಅನುಮತಿ ಪಡೆದು ಓಡಾಡುತ್ತೇವೆ’ ಅಂತ ಬರ್ಸವ್ನೆ. ಸೈನ್ ಹಾಕಿದ್ರೆ ನಿಮ್ಮ ಹಕ್ಕು ಅವನ ದಯೆ ಆಗ್ಬುಡ್ತದೆ. ಬ್ಯಾಡ ಅನ್ನಿಸಿದ ದಿನ ಬೀಗ ಬದಲಾಯಿಸ್ತಾನೆ. ಆ ಬೀಗದ ಕೈ ಮುಟ್ಟಬ್ಯಾಡಿ."

"ಹುಳ ಸತ್ತೋಯ್ತವಲ್ಲವ್ವ!"

"ಈ ಬೆಳೆಗೆ ಸೊಪ್ಪು ಕೊಂಡ್ಕೊಳಿ. ಜಗಳ ಆದ್ಮೇಲೆ ಓಡಿ ಬರೋರೇ ಎಲ್ಲಾ. ನೀವು ಸೈನ್‌ಗೆ ಮುಂಚೆ ಬಂದಿದ್ದೀರ, ಅದೇ ಪುಣ್ಯ."

ಕೇಸು ಸಿಗಲೆಂದು ಹೀಗೆ ಹೇಳುತ್ತಾರೋ ಏನೋ ಎಂದು ನನಗೆ ಅವರ ಮೇಲೇ ಅನುಮಾನ. ಆದರೂ ಸೊಪ್ಪು ಕೊಂಡು ಹುಳ ಸಾಕಿದೆ, ಅವರ ಕೈಲೇ ಕೇಸು ಹಾಕಿಸಿದೆ. ಕೋರ್ಟಿನ ಒಂದು ತಾರೀಕಿನ ದಿನ ಲಾಯರಮ್ಮ ಹೊಸಬನ ಲಾಯರ್ ಜೊತೆ ಟೀ ಕುಡಿಯುತ್ತಾ ನಗುತ್ತಿದ್ದರು. ಮೆಲ್ಲಗೆ ಹೋಗಿ ಬೆನ್ನಹಿಂದೆ ನಿಂತೆ. ಮಂಡಿನೋವಿಗೆ ಯಾವ ಎಣ್ಣೆ ಒಳ್ಳೆಯದು ಅನ್ನುವ ಮಾತು!

"ಕೇಳಿಸ್ಕೊಂಡ್ರಾ ಅಜ್ಜಿ? ನಿಮಗೂ ಒಸಿ ಬೇಕಾ?" ಎಂದರು ತಿರುಗಿ. ನಾಚಿಕೆಯಾಯಿತು. ಅನುಮಾನ ಮಾತ್ರ ಹೋಗಲಿಲ್ಲ.

ಹೋಗಿದ್ದು ಅವರು ನಮ್ಮೂರಿಗೇ ಬಂದಾಗ. ದಾರಿಯ ಬಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಕೈಯಾರೆ ಮಣ್ಣು ಒರೆಸಿ, ಗಾಡಿಚಕ್ರ ಉಜ್ಜಿ ಉಜ್ಜಿ ಬಿದ್ದಿದ್ದ ಗೆರೆಗಳ ಫೋಟೋ ಹಿಡಿದರು. ಆ ಫೋಟೋ ನೋಡಿ, ತೀರ್ಪು ಬರುವ ತನಕ ಗೇಟು ತೆರೆದಿರಬೇಕೆಂದು ಕೋರ್ಟು ಹೇಳಿತು.

ಮೊನ್ನೆ ತೀರ್ಪೂ ಬಂತು. ದಾರಿ ನಮ್ಮದೇ! ಅದನ್ನು ಕೇಳಲು ಲಾಯರಮ್ಮ ಇರಲಿಲ್ಲ. ತೀರಿಕೊಂಡು ಎರಡು ತಿಂಗಳಾಗಿತ್ತು. ಅನುಮಾನಪಟ್ಟಿದ್ದು ತಪ್ಪಾಯಿತವ್ವ ಎಂದು ನಾನು ಅವರಿಗೆ ಹೇಳಲೇ ಇಲ್ಲ.

ಇವತ್ತು ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ತೋಟದವರೆಗೂ ನಡೆದೆ. ಖುಷಿ ತಡೆಯಲಾರದೆ ಕೂಸಿಗೆ ದಾರಿಯುದ್ದಕ್ಕೂ ಅವರದೇ ಕಥೆ ಹೇಳಿದೆ. ಹೊಸಬ ಗೇಟು ಕಿತ್ತಿದ್ದಾನೆ, ಕಲ್ಲುಕಂಬ ಎರಡೂ ಹಾಗೇ ನಿಂತಿವೆ. ಯಾಕೆ ಬಿಟ್ಟಿದ್ದಾನೆ, ಮತ್ತೆ ಗೇಟು ಕೂರಿಸಲೆಂದೇ? ನಾಳೆ ಮೊದಲ ಬಸ್ಸಿಗೇ ರಾಮನಗರಕ್ಕೆ ಹೋಗಿ, ಅವರ ಜಾಗದಲ್ಲಿ ಈಗ ಕೂರುವ ಲಾಯರನ್ನು ಕೇಳಿಕೊಂಡು ಬರುತ್ತೇನೆ.