ಮೂರನೆಯ ಕೂಗಿಗೆ ಓ

ನಮ್ಮ ಕಂಪ್ಯೂಟರ್ ಮೇಜಿನ ಮೇಲೆ ಒಂದು ಜೊತೆ ಹಳೆಯ ಸ್ಪೀಕರುಗಳಿವೆ. ಬಿಳಿಯ ಬಣ್ಣ ಹಳದಿಗೆ ತಿರುಗಿ, ಒಂದರ ಜಾಲರಿಯೂ ಕಿತ್ತುಹೋಗಿ, ಮನೆಗೆ ಬಂದವರೆಲ್ಲ "ಇದನ್ನ ಇನ್ನೂ ಯಾಕಿಟ್ಕೊಂಡಿದೀರಾ?" ಎಂದು ಕೇಳುವ ಸ್ಥಿತಿಗೆ ಬಂದಿವೆ. ನಾನು ನಕ್ಕು ಕಾಫಿ ಬೆರೆಸಲು ಏಳುತ್ತೇನೆ. ನಿಮಗಾದರೆ ನಿಜ ಹೇಳಬಹುದು. ನೀವು ಅವುಗಳ ಪಕ್ಕದಲ್ಲಿ ಕುಳಿತಿಲ್ಲವಲ್ಲ.

ನಾವು ಚಿಕ್ಕಲಸಂದ್ರದ ಈ ಮನೆಗೆ ಬಂದಾಗ ಟೆಲಿಫೋನ್ ತಂತಿ ನಮ್ಮ ಬೀದಿಯನ್ನು ಮುಟ್ಟಿರಲಿಲ್ಲ. ನಮ್ಮವರು ಹಟ ತೊಟ್ಟು, ಮೊಬೈಲಿಗೊಂದು ಕೇಬಲ್ ಸಿಕ್ಕಿಸಿ, ಅದರ ಮೂಲಕವೇ ಕಂಪ್ಯೂಟರಿಗೆ ಇಂಟರ್ನೆಟ್ ಇಳಿಸುವ ಭಗೀರಥ ಪ್ರಯತ್ನಕ್ಕೆ ಕೈ ಹಾಕಿದರು. ಸಿಗ್ನಲ್ ಸಿಗುತ್ತಿದ್ದುದು ಕಿಟಕಿಯ ಒಂದು ಮೂಲೆಯಲ್ಲಿ ಮಾತ್ರ. ಹಾಗಾಗಿ ಅತ್ತೆಯ ಹೂ ಕಟ್ಟುವ ದಾರದಲ್ಲಿ ಫೋನನ್ನು ಸರಳಿಗೆ ಬಿಗಿದಿದ್ದರು. ಕಂಪ್ಯೂಟರು ನಂಬರು ಒತ್ತುತ್ತಿತ್ತು, ಫೋನಿನ ತರಂಗ ತಾಗಿ ಸ್ಪೀಕರು "ಟಿಕ್ ಟಿಟಿಕ್ ಟಿಟಿಕ್" ಎಂದು ಗೊಣಗುತ್ತಿತ್ತು, ಆಮೇಲೆ ನಿಶ್ಶಬ್ದ. ಮತ್ತೆ ಅದೇ ಗೊಣಗು, ಅದೇ ನಿಶ್ಶಬ್ದ. ಹೆಚ್ಚುಕಡಿಮೆ ಪ್ರತಿಸಲವೂ ಮೂರನೆಯ ಯತ್ನಕ್ಕೇ ಸಂಪರ್ಕ ದಕ್ಕುತ್ತಿತ್ತು.

ಮಗನ ಸಿಟ್ಟು ಏರಿದಷ್ಟೂ ಅತ್ತೆಗೆ ಸಮಾಧಾನ. "ಅದು ಸರಿಯಾಗೇ ಮಾಡ್ತಿದೆ ಕಣೋ. ಒಂದೇ ಸಲ ಕರೆದ್ರೆ ಯಾರು ಓ ಅಂತಾರೆ? ನೀನು ಮನುಷ್ಯನೋ ದೆವ್ವವೋ ಅಂತ ಅದಕ್ಕೇನು ಗೊತ್ತು?"

ದೆವ್ವ ಒಂದೇ ಸಲ ಕೂಗುತ್ತದೆ, ಮೂರು ಸಲ ಕೂಗುವುದು ಬದುಕಿರುವವರು ಮಾತ್ರ ಎಂಬುದು ಅತ್ತೆಯ ಅಚಲ ನಂಬಿಕೆ. ಅದಕ್ಕೇ ಹಿತ್ತಲಿನಿಂದ ನನ್ನನ್ನು ಕರೆಯುವಾಗ "ಸುಮಾ, ಸುಮಾ, ಸುಮಾ" ಎಂದು ಒಂದೇ ಉಸಿರಿನಲ್ಲಿ ಲೆಕ್ಕ ಮುಗಿಸಿಬಿಡುತ್ತಿದ್ದರು. ಅವರ ಮಾತಿಗೆ ನಾವು ಬಿದ್ದು ಬಿದ್ದು ನಕ್ಕೆವು. ಆದರೆ ಮುಸ್ಸಂಜೆ ಕಿಟಕಿಯಲ್ಲಿ ನೇತಾಡುವ ಆ ಫೋನನ್ನು ಕಂಡಾಗ, ಆಚೆ ಎಲ್ಲೋ ಯಾವುದೋ ಒಂದು ನಮ್ಮ ಕೂಗಿಗೆ ಕಿವಿಗೊಟ್ಟು, ಇವರು ಇದ್ದಾರೋ ಇಲ್ಲವೋ ಎಂದು ಅಳೆಯುತ್ತಿದೆ ಅನ್ನಿಸುತ್ತಿತ್ತು. ನಾವು ದೆವ್ವಗಳಿಗೆ ಹೆದರುತ್ತೇವೆ, ಸರಿ. ನಮಗೆ ಹೆದರುವವರೂ ಇರಬಹುದೆಂದು ಅದುವರೆಗೆ ನನಗೆ ಹೊಳೆದಿರಲಿಲ್ಲ.

ಫೋನು ರಿಂಗಾಗುವ ಮೊದಲೂ ಆ ಸ್ಪೀಕರು ಹಾಗೇ ಗೊಣಗುತ್ತಿತ್ತು. ಅಡುಗೆಮನೆಯಿಂದಲೇ ಅತ್ತೆ, "ಯಾರೋ ಕರೀತಿದಾರೆ ನೋಡು" ಅನ್ನುತ್ತಿದ್ದರು. ಕಾಲ ಕಳೆದು, ಗೋಡೆಯ ಮೇಲೆ ವೈಫೈ ಡಬ್ಬಿ ಬಂತು. ಹೊಸ ಫೋನುಗಳು ಬಂದ ಮೇಲೆ ಸ್ಪೀಕರಿನ ಗೊಣಗಾಟ ನಿಂತೇಹೋಯಿತು.

ಹೋದ ವರ್ಷ ಅತ್ತೆಯೂ ಹೋದರು. ಹಿತ್ತಲಿನ ಆ ಮೂರು ಕೂಗಿಲ್ಲದೆ ಈ ಮನೆಯಲ್ಲಿ ನನ್ನ ಹೆಸರೇ ಅರ್ಧ ಸವೆದಂತಾಗಿದೆ. ಅವರ ದನಿ ನಿಧಾನವಾಗಿ ನೆನಪಿನಿಂದ ಜಾರುತ್ತಿದೆ ಎಂಬುದು ನನ್ನ ದೊಡ್ಡ ಸಂಕಟ.

ಮೊನ್ನೆ ಮಧ್ಯಾಹ್ನ ಆ ಮೇಜಿನ ಪಕ್ಕ ಅವರೆಕಾಯಿ ಸುಲಿಯುತ್ತಾ ಕುಳಿತಿದ್ದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ನನ್ನ ಫೋನು ಮಹಡಿಯ ಮೇಲಿತ್ತು. ಇದ್ದಕ್ಕಿದ್ದಂತೆ ಸ್ಪೀಕರು ಗೊಣಗಿತು: ಟಿಕ್ ಟಿಟಿಕ್ ಟಿಟಿಕ್.

ಬೀದಿಯಲ್ಲಿ ಹೋಗುವ ಯಾರದೋ ಹಳೆಯ ಕಾಲದ ಫೋನಿರಬಹುದು. ಅಷ್ಟು ತಿಳಿಯದವಳಲ್ಲ ನಾನು. ಹಾಗಿದ್ದರೆ ಇನ್ನೊಮ್ಮೆ, ಮತ್ತೊಮ್ಮೆ ಗೊಣಗೀತು. ಅತ್ತೆ ಕಲಿಸಿದಂತೆ ಮೂರನೆಯ ಕೂಗಿನವರೆಗೆ ಬಾಯಿ ಬಿಡಬಾರದೆಂದು ಸುಮ್ಮನೆ ಕುಳಿತೆ. ಕೈಯಲ್ಲಿ ಅವರೆಕಾಯಿ ಹಾಗೇ ಇತ್ತು. ಆಗಲೇ ನನಗೆ ಗೊತ್ತಾದದ್ದು, ನಾನು ಎರಡನೆಯ ಕೂಗಿಗೆ ಕಾಯುತ್ತಿರಲಿಲ್ಲ. ಅದು ಬಾರದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಬಂದರೆ ಅದು ಬದುಕಿರುವ ಯಾರದೋ ಕರೆ, ಅದನ್ನು ಕಟ್ಟಿಕೊಂಡು ನನಗೇನು?

ಪಕ್ಕದ ಮನೆಯ ಕುಕ್ಕರು ಕೂಗಿ ತಣ್ಣಗಾಯಿತು. ಸ್ಪೀಕರು ಮತ್ತೆ ಸದ್ದು ಮಾಡಲಿಲ್ಲ.

"ಓ," ಎಂದೆ. "ಬಂದೆ ಅತ್ತೆ."