ದಾಕ್ಷಾಯಿಣಿ ಕಟ್ಟಿದ ಸರ್ವರ್

ಕೇಶ್ವಾಪುರದ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ದಾಕ್ಷಾಯಿಣಿ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಮನೆಗೆ ಬಂದ ಗ್ಯಾಸ್ ಸಿಲಿಂಡರನ್ನೂ ತಂದವನೆದುರೇ ತೂಗಿಸುತ್ತಿದ್ದಳು. ಲ್ಯಾಬಿನ ವರದಿಗಳನ್ನೆಲ್ಲ ಇಟ್ಟುಕೊಂಡ ಸರ್ವರ್ ಯಂತ್ರಕ್ಕೆ ಹಾಕುವ ಸಾಫ್ಟ್‌ವೇರಿನ ವಿಷಯದಲ್ಲಂತೂ ಕೇಳುವುದೇ ಬೇಡ. ಬೇರೆಯವರು ಸಿದ್ಧಮಾಡಿಟ್ಟ ಪ್ಯಾಕೇಜನ್ನು ಇಳಿಸಿಕೊಂಡರೆ ಕೆಲಸ ಲಗುಬಗೆಯಿಂದ ಮುಗಿಯುತ್ತದೆ, ನಿಜ. ಆದರೆ ಅದರೊಳಗೆ ಯಾರು ಏನು ಸೇರಿಸಿದ್ದಾರೋ ಯಾರಿಗೆ ಗೊತ್ತು? ಹಾಗಾಗಿ ಮೂಲ ಕೋಡನ್ನೇ ತರಿಸಿ ತಾನೇ ಕಂಪೈಲ್ ಮಾಡಿ, ಯಂತ್ರ ಓಡಿಸಬಲ್ಲ ಸಾಫ್ಟ್‌ವೇರಾಗಿ ಕಟ್ಟಿಕೊಳ್ಳುತ್ತಿದ್ದಳು. ಪರದೆಯ ಮೇಲೆ ಅರ್ಧ ದಿನ ಸಾಲುಗಳು ಓಡುತ್ತಿದ್ದರೆ ಅವಳಿಗೆ ಸಮಾಧಾನ.

ಹೊಸದಾಗಿ ಕೆಲಸಕ್ಕೆ ಸೇರಿದ ಗುರುಪಾದ ಇದನ್ನು ಕಂಡು ಬೆರಗಾದ.

"ಮೇಡಂ, ಪ್ಯಾಕೇಜ್ ತಯಾರ ಐತಲ್ರಿ. ಸುಮ್ನ ಯಾಕ ಇಷ್ಟ ಒದ್ದಾಡಾಕತ್ತೀರಿ?"

"ತಯಾರ ಮಾಡಿದಾಂವ ನಿಮ್ಮ ಕಾಕಾ ಏನ?"

ಅವನು ನಕ್ಕುಬಿಟ್ಟ. ಬಿಲ್ಲಿಂಗ್ ಕೌಂಟರಿನ ಯಂತ್ರಗಳಿಗೆ ಅವನು ಪ್ಯಾಕೇಜುಗಳನ್ನೇ ಹಾಕಿದ್ದಾನೆಂದು ತಿಳಿದ ಮೇಲೆ, ಅವನ ಹಿಂದೆ ಹಾದುಹೋಗುವಾಗಲೆಲ್ಲ ಅವಳ ಕಣ್ಣು ಅವನ ಪರದೆಯ ಮೇಲೇ.

ಒಂದು ಮುಂಜಾನೆ ವರದಿಗಳೇ ಹೊರಬರಲಿಲ್ಲ. ಉಪವಾಸ ಬಂದು ರಕ್ತ ಕೊಟ್ಟಿದ್ದ ಜನ ಕೌಂಟರಿನೆದುರು ಗೊಣಗತೊಡಗಿದರು. ಒಳಗೆ ಸರ್ವರಿನ ಫ್ಯಾನು ಭೋರೆನ್ನುತ್ತಿತ್ತು. ಯಾರೂ ಕೊಡದ ಯಾವುದೋ ಕೆಲಸವನ್ನು ಆ ಯಂತ್ರ ಮೈಮುರಿದು ಮಾಡುತ್ತಿತ್ತು.

"ಇದು ನಿನ್ನ ಪ್ಯಾಕೇಜಿನಿಂದನ ಬಂದದ್ದು," ಎಂದಳು ದಾಕ್ಷಾಯಿಣಿ.

"ತಗದ ನೋಡ್ರಿ ಮೇಡಂ. ನಾ ಏನೂ ಮುಚ್ಚಿಟ್ಟಿಲ್ಲ," ಎಂದು ಗುರುಪಾದ ಎದ್ದು ಕುರ್ಚಿ ಬಿಟ್ಟುಕೊಟ್ಟ.

ಅವನ ಯಂತ್ರಗಳನ್ನು ಒಂದೊಂದಾಗಿ ಜಾಲಾಡಿದಳು. ಪ್ಯಾಕೇಜು ತಯಾರಿಸಿದವರದೇ, ನಡುವೆ ಯಾರೂ ತಿದ್ದಿಲ್ಲ ಎಂದು ಸಾರುವ ಡಿಜಿಟಲ್ ಸಹಿಗಳೆಲ್ಲ ಸರಿಯಾಗಿದ್ದವು. ಕೊನೆಗೆ ತನ್ನ ಸರ್ವರನ್ನು ತೆರೆದಳು. ಅಪರಿಚಿತ ಪ್ರೋಗ್ರಾಂ ಒಂದು ಅಲ್ಲಿ ಬೀಡುಬಿಟ್ಟಿತ್ತು. ಒಳಬಂದ ದಾರಿ ಹಿಡಿದು ಹೋದರೆ ಸಿಕ್ಕಿದ್ದು ಕಡತ ಕಳಿಸುವ ಸಾಫ್ಟ್‌ವೇರ್. ಅವಳೇ ಕಂಪೈಲ್ ಮಾಡಿದ್ದು. ಅದರಲ್ಲಿ ಹೊರಗಿನವರು ನುಗ್ಗಬಹುದಾದ ದೋಷವಿದೆಯೆಂದು ಹಿಂದೆಯೇ ಸುದ್ದಿಯಾಗಿತ್ತು. ಪ್ಯಾಕೇಜ್ ಹಾಕಿಕೊಂಡವರಿಗೆ ಅಪ್‌ಡೇಟ್ ತಾನಾಗಿಯೇ ತಲುಪಿತ್ತು. ಸ್ವತಃ ಕಟ್ಟಿಕೊಂಡವರು ಸ್ವತಃ ಹೊಸದನ್ನು ತಂದು ಮತ್ತೆ ಕಟ್ಟಬೇಕಿತ್ತು. ಅವಳು ಮತ್ತೆ ಕಟ್ಟಿರಲಿಲ್ಲ.

"ಕಂಪೈಲ್ ಮಾಡೂ ಮುಂಚೆ ಆ ಕೋಡೆಲ್ಲಾ ಓದಿದ್ರೇನ್ರಿ?" ಗುರುಪಾದ ಮೆಲ್ಲಗೆ ಕೇಳಿದ.

"ಇಲ್ಲ," ಎಂದಳು.

ಲ್ಯಾಬಿನ ಒಡತಿ ಡಾಕ್ಟರ್ ಸುಮಲತಾ ಅವರ ಕೋಣೆಗೆ ತಾನೇ ಹೋದಳು. "ಮೇಡಂ, ಕಳ್ಳ ನಾ ಇಟ್ಟ ಬಾಗಲದಾಗನ ಹೊಕ್ಕಾನ್ರಿ. ಗುರುಪಾದಂದ ಏನೂ ತಪ್ಪಿಲ್ಲ. ನಾ ಅವನ ಮ್ಯಾಲ ಸುಳ್ಳ ಸಂಶಯ ಪಟ್ಟೆ."

"ರೋಗಿಗಳ ವರದಿ?"

"ಅವನ್ನ ಮುಟ್ಟಿದ ಗುರುತು ಸಿಕ್ಕಿಲ್ರಿ. ಆದ್ರ ಮುಟ್ಟಿಲ್ಲಂತ ಆಣೆ ಮಾಡಿ ಹೇಳಲಾರೆ."

ವರದಿಗಳನ್ನು ಬೇರೆಡೆ ತೆಗೆದಿಟ್ಟು, ಸರ್ವರನ್ನು ಪೂರ್ತಿ ಅಳಿಸಿ, ಇಬ್ಬರೂ ಕೂಡಿ ಪ್ಯಾಕೇಜುಗಳಿಂದಲೇ ಹೊಸದಾಗಿ ಕಟ್ಟಿದರು. ಸಂಜೆಯ ಹೊತ್ತಿಗೆ ವರದಿಗಳು ಬರತೊಡಗಿದವು.

"ಮುಗೀತಲ್ರಿ, ಚಾ ಕುಡಿಯೂಣ ಬರ್ರಿ," ಎಂದ ಗುರುಪಾದ.

ದಾಕ್ಷಾಯಿಣಿ ಏಳಲಿಲ್ಲ. "ಈ ಪ್ಯಾಕೇಜಿಗೆ ಸಹಿ ಹಾಕಿದ್ದು ಖರೇನ ಅದನ್ನ ಮಾಡಿದವ್ರ ಅಂತ ಹೆಂಗ ನಂಬೂದು?"

ಗುರುಪಾದ ಚಹಾದ ಮಾತು ಬಿಟ್ಟು, ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಪರದೆಯತ್ತ ಬಾಗಿದ.