ಸ್ಟೀರಿಂಗಿನ ನಡುಕ ಯಾರದು?

ನಮ್ಮ ಮನೆತನದಲ್ಲಿ ಯಾರೂ ಡಿಗ್ರಿ ಮಾಡುವುದಿಲ್ಲ, ಮಾಡುವುದಕ್ಕೆ ಆಗುವುದೂ ಇಲ್ಲ ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ ಮುನಿವೆಂಕಟಪ್ಪ. ಸಿಟ್ಟಿನಿಂದ ಹೇಳಿದ್ದಲ್ಲ. ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಾ, ನಾಳೆ ಮಳೆ ಬರುವುದಿಲ್ಲ ಎನ್ನುವಷ್ಟು ನಿರಾಳವಾಗಿ ಹೇಳಿದ್ದರು. "ನಮ್ಮೋರು ಗಾಡಿ ಓಡ್ಸೋಕೆ ಹುಟ್ಟಿರೋರಮ್ಮಾ. ಪುಸ್ತಕ ಹಿಡ್ಕಂಡ್ರೆ ನಿದ್ದೆ ಬತ್ತೈತೆ. ಅದರಾಗೂ ಹೆಣ್ಮಗು, ಇಂಜಿನಿಯರಿಂಗಂತೆ!"

ನಿದ್ದೆಯ ವಿಷಯದಲ್ಲಿ ಅವರ ಮಾತು ಪೂರ್ತಿ ನಿಜ. ಥರ್ಮೋಡೈನಮಿಕ್ಸ್ ಪುಸ್ತಕದ ಮೇಲೆ ತಲೆಯಿಟ್ಟು ನಾನು ಮಲಗಿದಷ್ಟು ಸುಖವಾಗಿ ಯಾವ ದಿಂಬಿನ ಮೇಲೂ ಮಲಗಿಲ್ಲ. ಆದರೂ ನಮ್ಮ ಮನೆತನದ ಮೊದಲ ಪದವೀಧರೆ ನಾನೇ. ಇದನ್ನು ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ. ಕಷ್ಟಪಟ್ಟು ಸಂಪಾದಿಸಿದ ಜಂಬ, ಓದುವವರು ಸಹಿಸಿಕೊಳ್ಳಬೇಕು. ಆ ಡಿಗ್ರಿಯ ಕೊನೆಯ ಭಾಗವನ್ನು ನಾನು ಕಾಲೇಜಿನಲ್ಲಿ ಓದಲಿಲ್ಲ, ಕೋಲಾರದ ಹೊರಗಿನ ಒಂದು ಲಾರಿ ಯಾರ್ಡಿನಲ್ಲಿ ಮಂಡಿಯೂರಿ ಕೂತು ಓದಿದೆ. ಓದಿದ್ದು ಒಂದು ಟೈರನ್ನು.

ನಮ್ಮದು ಮುಳಬಾಗಿಲು ತಾಲ್ಲೂಕು, ದೇವರಾಯಸಮುದ್ರದ ಹತ್ತಿರದ ಹಳ್ಳಿ. ಅಪ್ಪ ಮತ್ತು ದೊಡ್ಡಪ್ಪ ಇಬ್ಬರೂ ಒಬ್ಬರೇ ಓನರಿನ ಹತ್ತಿರ ಟ್ರೈಲರ್ ಲಾರಿ ಓಡಿಸುವವರು. ಮಾಲೂರಿನ ಫ್ಯಾಕ್ಟರಿಗಳಲ್ಲಿ ಲೋಡು, ಚೆನ್ನೈ ಬಂದರಿನಲ್ಲಿ ಖಾಲಿ. ನಾನು ಚಿಕ್ಕವಳಿದ್ದಾಗ ಶಾಲೆಗೆ ರಜೆ ಬಂದರೆ ಅಪ್ಪ ನನ್ನನ್ನು ಕ್ಯಾಬಿನ್ನಿಗೆ ಹತ್ತಿಸಿಕೊಳ್ಳುತ್ತಿದ್ದರು. ಸೀಟಿನ ಹಿಂದಿನ ಉದ್ದ ಪಟ್ಟಿಯ ಮೇಲೆ ಮಲಗಿದರೆ ಎಂಜಿನ್ನಿನ ಗುಂಯ್‌ಗುಡುವಿಕೆ ಬೆನ್ನೊಳಗೆ ಇಳಿಯುತ್ತಿತ್ತು. ಮುಳಬಾಗಿಲಿನ ಬಂಡೆಗುಡ್ಡಗಳು ಕಿಟಕಿಯಲ್ಲಿ ನಿಧಾನವಾಗಿ ತೇಲಿಹೋಗುತ್ತಿದ್ದವು. ಗುಡ್ಡ ನಡೆಯುತ್ತಿದೆಯೋ ನಾನು ನಡೆಯುತ್ತಿದ್ದೇನೋ ಗೊತ್ತಾಗುವುದರೊಳಗೆ ಕಣ್ಣು ಮುಚ್ಚುತ್ತಿತ್ತು. ಮುಚ್ಚುವ ಮುಂಚೆ ಕಾಣುತ್ತಿದ್ದದ್ದು ಅಪ್ಪನ ಕೈಗಳು. ಅವರು ಸ್ಟೀರಿಂಗನ್ನು ಹಿಡಿದ ಹಾಗೆ ಕಾಣುತ್ತಿರಲಿಲ್ಲ, ಮಲಗಿದ ಹಸುವಿನ ಮೈ ಮೇಲೆ ಇಟ್ಟ ಹಾಗೆ ಸುಮ್ಮನೆ ಇಟ್ಟಿರುತ್ತಿದ್ದರು.

ಆ ಕೈಗಳು ನಡುಗುತ್ತವೆ ಎಂದು ಒಂದು ದಿನ ಓನರ್ ಹೇಳಿಬಿಟ್ಟರು.

ಅವರು ಕೆಟ್ಟವರಲ್ಲ. ಯಾವುದೋ ಕೆಲಸಕ್ಕೆಂದು ಮಾಲೂರಿನಿಂದ ಕೋಲಾರದವರೆಗೆ ಅಪ್ಪನ ಪಕ್ಕದಲ್ಲಿ ಕೂತು ಬಂದಿದ್ದಾರೆ. ವೇಗ ಸ್ವಲ್ಪ ಏರಿದಾಗ ಸ್ಟೀರಿಂಗು ಗಡಗಡ ನಡುಗುವುದನ್ನು ನೋಡಿದ್ದಾರೆ. ನರಸಾಪುರದಲ್ಲಿ ಟೀಗೆ ನಿಲ್ಲಿಸಿದಾಗ ಅಪ್ಪನ ಕೈಯಲ್ಲಿ ಗ್ಲಾಸೂ ನಡುಗಿದ್ದನ್ನು ನೋಡಿದ್ದಾರೆ. ಎರಡನ್ನೂ ಕೂಡಿಸಿ ಲೆಕ್ಕ ಮುಗಿಸಿದ್ದಾರೆ. ನಾನೇ ಆಗಿದ್ದರೂ ಹಾಗೇ ಕೂಡಿಸುತ್ತಿದ್ದೆನೇನೋ.

"ಸೀನಪ್ಪಾ, ವಯಸ್ಸಾಯ್ತು. ಪರ್ವಾಲೇದು, ಇನ್ಮೇಲೆ ಯಾರ್ಡಲ್ಲೇ ಇರು, ಗೇಟು ನೋಡ್ಕೋ," ಎಂದರಂತೆ. ರಾಯಲ್ಪಾಡು ಕಡೆಯಿಂದ ಹೊಸ ಡ್ರೈವರ್ ಬರುವವರೆಗೆ ಲಾರಿ ಯಾರ್ಡಿನಲ್ಲೇ ನಿಲ್ಲಬೇಕು ಎಂದೂ ಆಯಿತು.

ಅಪ್ಪ ಮನೆಗೆ ಬಂದು ಊಟಕ್ಕೆ ಕೂತಾಗ ಕೈಗಳನ್ನು ಟವೆಲ್ಲಿನ ಕೆಳಗಿಟ್ಟುಕೊಂಡರು. ಅಮ್ಮ ಅಂದಿನಿಂದ ಅವರ ಕಾಫಿ ಲೋಟವನ್ನು ಅರ್ಧ ಮಾತ್ರ ತುಂಬಿಸತೊಡಗಿದರು. ಚೆಲ್ಲಿದರೆ ಅವರಿಗೆ ನೋವಾಗುತ್ತದಲ್ಲ, ಅದಕ್ಕೆ. ಗಂಡ ಹೆಂಡತಿ ಇಬ್ಬರೂ ಒಬ್ಬರಿಂದೊಬ್ಬರು ಮುಚ್ಚಿಡುತ್ತಿದ್ದ ಆ ಅರ್ಧ ಲೋಟವನ್ನು ನೋಡಲಾರದೆ ನಾನು ನನ್ನ ಕೊನೆಯ ವರ್ಷದ ಪ್ರಾಜೆಕ್ಟಿನ ವಿಷಯವನ್ನೇ ಬದಲಾಯಿಸಿಬಿಟ್ಟೆ. ಗೈಡ್ ಹತ್ತಿರ ಹೋಗಿ, "ಸರ್, ಟ್ರೈಲರ್ ಲಾರಿಯ ಸ್ಟೀರಿಂಗ್ ನಡುಕ ಮತ್ತು ಟೈರಿನ ಓರೆಸವೆತ," ಎಂದೆ. ಅವರು ಕಂಪ್ಯೂಟರಿನಿಂದ ಕಣ್ಣೆತ್ತಿ, "ಲಾರಿ ಎಲ್ಲಿದೆ?" ಎಂದರು. "ನಮ್ಮಪ್ಪ ಕಾಯ್ತಿದ್ದಾರೆ ಸರ್," ಎಂದೆ. ಗೇಟು ಕಾಯುತ್ತಿದ್ದಾರೆ ಎಂದು ಬಿಡಿಸಿ ಹೇಳಲು ಬಾಯಿ ಬರಲಿಲ್ಲ.

ಟೈರು ನೋಡುವುದು ಅಂಗೈ ನೋಡಿದ ಹಾಗೆ. ವ್ಯತ್ಯಾಸ ಇಷ್ಟೇ, ಅಂಗೈ ಮುಂದಿನದನ್ನು ಹೇಳುತ್ತದೆ ಎಂದು ಜನ ನಂಬುತ್ತಾರೆ, ಟೈರು ಹಿಂದಿನದನ್ನು ಮಾತ್ರ ಹೇಳುತ್ತದೆ. ಗಾಳಿ ಕಮ್ಮಿ ತಿಂದ ಟೈರು ಎರಡೂ ಅಂಚಿನಲ್ಲಿ ಸವೆದಿರುತ್ತದೆ. ಗಾಳಿ ಹೆಚ್ಚಾಗಿ ಉಬ್ಬಿ ಓಡಿದ್ದು ನಡುವಿನಲ್ಲಿ ಸವೆದಿರುತ್ತದೆ. ಚಕ್ರ ವಾಲಿದ್ದರೆ ಒಂದೇ ಅಂಚು ಹೋಗಿರುತ್ತದೆ. ಮುಂದಿನ ಎರಡು ಚಕ್ರಗಳು ನೇರ ನೋಡದೆ ಓರೆಯಾಗಿ ನೋಡುತ್ತಿದ್ದರೆ ಅದು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುತ್ತದೆ. ಕಣ್ಣು ಮುಚ್ಚಿ ಅಂಗೈಯಿಂದ ಅಡ್ಡ ಸವರಿದರೆ ಹೋಗುವಾಗ ನುಣುಪು, ಬರುವಾಗ ಗರಗಸ. ಬಿಸಿಲು ಇಳಿಯುವ ಹೊತ್ತಿನಲ್ಲಿ, ಹುಣಸೆ ಮರದ ನೆರಳಲ್ಲಿ, ಕಣ್ಣು ಮುಚ್ಚಿ ಟೈರು ಸವರುತ್ತಾ ಕೂತಿದ್ದ ನನ್ನನ್ನು ನೋಡಿದ ಒಬ್ಬ ಡ್ರೈವರಣ್ಣ ಅಪ್ಪನನ್ನು ಕೇಳಿದನಂತೆ: "ಏನಣ್ಣಾ, ಮಗಳ ಮೈ ಮೇಲೆ ಏನಾದ್ರೂ ಬಂದೈತಾ?"

ಬಂದಿತ್ತು ಎಂದೇ ಹೇಳಬೇಕು. ಆ ದಿನಗಳಲ್ಲಿ ನನಗೆ ಜಗತ್ತಿನಲ್ಲಿ ಸವೆತ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಬಸ್ಸಿನಲ್ಲಿ ಜನರ ಮುಖ ನೋಡುವ ಬದಲು ಚಪ್ಪಲಿ ನೋಡುತ್ತಿದ್ದೆ. ನನ್ನ ಹಿಮ್ಮಡಿ ಒಳಗಡೆ ಸವೆಯುತ್ತದೆ, ಅಮ್ಮನದು ಹೊರಗಡೆ. ಅಪ್ಪನ ಎಡಗಾಲಿನ ಚಪ್ಪಲಿ ಮುಂಭಾಗದಲ್ಲಿ ತೆಳ್ಳಗಾಗುತ್ತದೆ, ಜೀವಮಾನವೆಲ್ಲ ಕ್ಲಚ್ ಒತ್ತಿದ ಕಾಲು. ಒಂದೇ ಸಮ ಸವೆದ ಚಪ್ಪಲಿ ನನಗೆ ಎಲ್ಲೂ ಸಿಗಲಿಲ್ಲ. ದುಂಡಗಿನದನ್ನು ಹುಡುಕಿದರೂ ಅದೇ ಕತೆ. ಅಮ್ಮ ತಿರುವಿ ಇಡುವ ರಾಗಿಮುದ್ದೆ ನಮ್ಮ ಮನೆಯ ಅತಿ ದುಂಡಗಿನ ವಸ್ತು, ಅದೂ ತಟ್ಟೆಗೆ ಬಿದ್ದ ಕೂಡಲೇ ಒಂದು ಕಡೆ ಕೂರುತ್ತದೆ. ಇನ್ನು ನಾವೆಲ್ಲ ಹತ್ತಿ ಕೂತಿರುವ ಭೂಮಿಯೋ, ಸೊಂಟದಲ್ಲಿ ಉಬ್ಬಿದೆ, ತಿರುಗುತ್ತಲೇ ಬುಗುರಿಯಂತೆ ನಿಧಾನವಾಗಿ ಓಲಾಡುತ್ತದೆ ಎಂದು ಪಾಠದಲ್ಲಿ ಓದಿದ್ದೆ. ಆ ಓಲಾಟಕ್ಕೆ ಯಾರ ಕೈಯನ್ನೂ ದೂರಿದ್ದು ಕೇಳಿಲ್ಲ.

ಕನಸು ಸಾಕು, ಲಾರಿಗೆ ಬರುತ್ತೇನೆ. ಅಪ್ಪನನ್ನು ಕೇಳಿದೆ, ಬ್ರೇಕ್ ಒತ್ತಿದಾಗ ನಡುಗುತ್ತದೋ, ಒತ್ತದಿದ್ದಾಗಲೋ? ಒತ್ತದಿದ್ದಾಗಲೂ. ಎಲ್ಲ ವೇಗದಲ್ಲೋ? ಇಲ್ಲ, ಐವತ್ತೈದು ದಾಟಿದರೆ ಶುರು, ಇನ್ನೂ ಏರಿಸಿದರೆ ಕಮ್ಮಿ. ಹಾಗಿದ್ದರೆ ಬ್ರೇಕ್ ಡ್ರಮ್ಮಿನ ತಪ್ಪಲ್ಲ, ಚಕ್ರವನ್ನೇ ಕೇಳಬೇಕು. ಮುಂದಿನ ಆಕ್ಸೆಲ್ ಜಾಕ್ ಮಾಡಿಸಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆ, ಗಟ್ಟಿಯಾಗಿತ್ತು. ಎಡಕ್ಕೆ ಬಲಕ್ಕೆ ಅಲ್ಲಾಡಿಸಿದೆ, ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡಿನ ತುದಿಯಲ್ಲಿ ಸಣ್ಣದೊಂದು ಕಟಕ್ ಎನ್ನುವ ಸಡಿಲ. ಆಮೇಲೆ ಇಟ್ಟಿಗೆ ಜೋಡಿಸಿ ಅದರ ಮೇಲೆ ಕೈಯೂರಿ, ತಿರುಗುವ ಟೈರಿಗೆ ತಾಗೀತೋ ತಾಗದೋ ಎನ್ನುವಂತೆ ಸೀಮೆಸುಣ್ಣ ಹಿಡಿದೆ. ದುಂಡಗಿದ್ದರೆ ಪೂರ್ತಿ ಬಳೆಯಂತೆ ಗೆರೆ ಬರಬೇಕು. ಎಡಗಡೆಯ ಟೈರಿನಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ತುಂಡು ಮೂಡಿತು, ನಡುನಡುವೆ ಖಾಲಿ. ಮುಟ್ಟಿ ನೋಡಿದರೆ ಖಾಲಿ ಜಾಗಗಳಲ್ಲೆಲ್ಲ ಬಟ್ಟಲಿನಂತೆ ತಗ್ಗು. ಬಲಗಡೆಯ ಟೈರಿನಲ್ಲಿ ಮಾತ್ರ ಒಂದೇ ಒಂದು ಬಿಳಿ ಬಳೆ, ಎಲ್ಲೂ ಕಡಿಯದೆ.

ಬಲಗಡೆಯದು ಹೊಸದು. ಎಡಗಡೆಯದು ಮುದುಕ. ಟೇಪು ಹಿಡಿದರೆ ಎತ್ತರದಲ್ಲೇ ವ್ಯತ್ಯಾಸ.

"ಅಪ್ಪಾ, ಇದರ ಜೋಡಿ ಎಲ್ಲಿ?"

ಅಪ್ಪ ಹುಣಸೆ ಮರದ ತುದಿಯಲ್ಲಿ ಏನೋ ಇದೆಯೆಂಬಂತೆ ನೋಡತೊಡಗಿದರು.

ಉತ್ತರ ಸಂಜೆಗೆ ತಾನೇ ಯಾರ್ಡಿನೊಳಗೆ ಬಂತು. ದೊಡ್ಡಪ್ಪನ ಲಾರಿ. ಅವರು ಇಳಿಯುವ ಮುಂಚೆಯೇ ನಾನು ಅದರ ಬಲಗಡೆಯ ಮುಂದಿನ ಚಕ್ರದ ಮೇಲೆ ಕೈಯಿಟ್ಟಿದ್ದೆ. ಅದೇ ಕಂಪನಿ, ಅದೇ ಪಟ್ಟೆ, ಅಷ್ಟೇ ಹೊಸದು.

"ದೊಡ್ಡಪ್ಪಾ, ಇದೇನು?"

"ಟೈರು ಕಣಮ್ಮ. ನೀನು ಇಂಜಿನಿಯರಿಂಗು ಓದ್ತಿರೋದು."

"ಅಪ್ಪನ ಗಾಡಿಗೆ ಅಂತ ಓನರ್ ಕೊಟ್ಟಿದ್ದು ಒಂದು ಜೊತೆ."

"ಹೂಂ. ನಂದೂ ಸವೆದಿತ್ತು. ನಿಮ್ಮಪ್ಪ ನಂಗೊಂದು ತನ್ಗೊಂದು ಹಾಕ್ಸ್ದ. ಅಣ್ತಮ್ಮ ಅಂದ್ಮೇಲೆ ಇನ್ನೇನು?"

ಇಲ್ಲಿ ನಮ್ಮ ಮನೆತನದ ಬಗ್ಗೆ ಸ್ವಲ್ಪ ಹೇಳಬೇಕು. ಪಾಲು ಎಂದರೆ ನಮ್ಮಲ್ಲಿ ಸರಿ ಅರ್ಧ. ಹಬ್ಬದ ಬಟ್ಟೆಯನ್ನು ಒಂದೇ ಥಾನಿನಿಂದ ಹರಿಯುತ್ತಾರೆ, ಹಲಸಿನ ಹಣ್ಣಿನ ತೊಳೆ ಎಣಿಸಿ ಎರಡು ಗುಡ್ಡೆಯಾಗುತ್ತದೆ. ತಾತ ತೀರಿಕೊಂಡಾಗ ಮನೆಯಲ್ಲಿ ಇದ್ದದ್ದು ಒಂದು ಜೋಡಿ ಎತ್ತು. ಅಣ್ಣನಿಗೊಂದು, ತಮ್ಮನಿಗೊಂದು ಪಾಲಾಯಿತು. ಒಂಟಿ ಎತ್ತಿನಿಂದ ಯಾರೂ ಉಳಲಾರರಲ್ಲ. ಆದ್ದರಿಂದ ಒಂದು ಬೆಳಿಗ್ಗೆ ದೊಡ್ಡಪ್ಪನ ಎತ್ತು ನಮ್ಮ ಮನೆಗೆ ಬರುತ್ತಿತ್ತು, ಮರುದಿನ ನಮ್ಮದು ಅವರ ಮನೆಗೆ ಹೋಗುತ್ತಿತ್ತು. ಹಾಗೆ ಎರಡೂ ಮನೆಯ ಹೊಲ ಉತ್ತರು, ಒಂದು ದಿನವೂ ಜಗಳವಾಡದೆ. ಊರವರು ನಕ್ಕರೂ ಅದು ನಡೆಯಿತು, ಏಕೆಂದರೆ ಎತ್ತಿಗೆ ಕಾಲಿದೆ, ಜೋಡಿಯನ್ನು ಹುಡುಕಿಕೊಂಡು ಹೋಗಬಲ್ಲದು. ಟೈರು ಹಾಗೆ ಬರಲಾರದು. ಒಂದು ಚೆನ್ನೈನಲ್ಲಿದ್ದರೆ ಇನ್ನೊಂದು ಮಾಲೂರಿನಲ್ಲಿರುತ್ತದೆ.

ಮುಂದಿನ ಚಕ್ರಗಳಲ್ಲಿ ಒಂದು ದೊಡ್ಡದು, ಒಂದು ಚಿಕ್ಕದಾದರೆ ಗಾಡಿ ಚಿಕ್ಕದರ ಕಡೆ ಎಳೆಯುತ್ತದೆ. ಅಪ್ಪ ಅಷ್ಟು ದಿನವೂ ಎಡಕ್ಕೆ ಎಳೆಯುವ ಗಾಡಿಯನ್ನು ಬಲಕ್ಕೆ ಹಿಡಿದುಕೊಂಡೇ ಚೆನ್ನೈ ತಲುಪಿದ್ದರು. ಆ ಎಳೆತಕ್ಕೆ ಮುದುಕ ಟೈರು ಇನ್ನಷ್ಟು ಸವೆಯಿತು. ತಗ್ಗು ಬಿದ್ದು ಕುಣಿಯಿತು, ಸಡಿಲ ಟೈ ರಾಡು ಆ ಕುಣಿತವನ್ನು ಸ್ಟೀರಿಂಗಿಗೆ ಕಳಿಸಿತು. ದಿನವಿಡೀ ಅದನ್ನು ಬಿಗಿ ಹಿಡಿದ ತೋಳು ಟೀ ಗ್ಲಾಸು ಹಿಡಿದಾಗ ನಡುಗದೆ ಇನ್ನೇನು ಮಾಡೀತು?

ಇಷ್ಟನ್ನೂ ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ತೋರಿಸಿದೆ. ದೊಡ್ಡಪ್ಪ ಕೂತು ಕೇಳಿದರು. ಆಮೇಲೆ ತಲೆ ಕೆರೆದುಕೊಂಡು ಮೆಲ್ಲಗೆ ಹೇಳಿದರು: "ನಂದೂ ನಡುಗ್ತೈತೆ ಕಣಮ್ಮ. ಬಾಯ್ಬಿಟ್ರೆ ನನ್ನೂ ಗೇಟಿಗೆ ಕೂರಿಸ್ತಾರೆ ಅಂತ ಸುಮ್ನಿದ್ದೆ."

"ಇರೋದು ಒಂದೇ ಗೇಟು," ಎಂದರು ಅಪ್ಪ, ಎಷ್ಟೋ ವಾರಗಳ ಮೇಲೆ ಮೊದಲ ಸಲ ನಗುತ್ತಾ. "ಅದ್ನೂ ಪಾಲು ಮಾಡ್ಕೊಬೇಕಾಗಿತ್ತು."

ಮಾರನೆಯ ದಿನ ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ಕಾಫಿ ಲೋಟವನ್ನು ಅಂಚಿನ ತನಕ ತುಂಬಿಸಿ ಅಪ್ಪನ ಮುಂದೆ ಇಟ್ಟರು. ಸ್ಟೀರಿಂಗು ಮುಟ್ಟದೆ ಅಷ್ಟು ದಿನ ಗೇಟಿನಲ್ಲಿ ಕೂತಿದ್ದ ಕೈಗಳು ಅದನ್ನು ಎತ್ತಿದವು. ಒಂದು ಹನಿಯೂ ಹೊರಗೆ ಬೀಳಲಿಲ್ಲ. ಅಮ್ಮ ಒಳಗೆ ಹೋಗಿ ಬಹಳ ಹೊತ್ತು ಪಾತ್ರೆ ತೊಳೆದರು, ಪಾತ್ರೆ ಇದ್ದದ್ದು ಎರಡೇ.

ಓನರ್ ಟೈರಿನ ಪಾಲಿನ ಕತೆ ಕೇಳಿ ಹೊಟ್ಟೆ ಹಿಡಿದು ನಕ್ಕರು. ರಿಪೇರಿಗೆ ಒಪ್ಪಿದರು. ಹೊಸ ಟೈರುಗಳೆರಡೂ ಅಪ್ಪನ ಲಾರಿಯ ಮುಂದೆ ಕೂತವು. ಯಾರ್ಡಿನಲ್ಲಿದ್ದ ಒಂದೇ ಎತ್ತರದ ಇನ್ನೊಂದು ಜೋಡಿ ದೊಡ್ಡಪ್ಪನ ಗಾಡಿಗೆ ಹೋಯಿತು. ಟೈ ರಾಡಿನ ತುದಿ ಬದಲಾಯಿತು, ಬ್ಯಾಲೆನ್ಸಿಂಗು, ಅಲೈನ್‌ಮೆಂಟು ಆಯಿತು. ಖಾಲಿ ಟ್ರೈಲರನ್ನು ಮುಳಬಾಗಿಲಿನ ತನಕ ಓಡಿಸಿ ನೋಡಲು ಅಪ್ಪನಿಗೆ ಅಪ್ಪಣೆ ಸಿಕ್ಕಿತು, ನಾನು ಪಕ್ಕದಲ್ಲಿ.

ಮುಂಜಾನೆ. ದಾರಿಯ ಎರಡೂ ಕಡೆ ಟೊಮೆಟೊ ಕೋಲುಗಳ ಸಾಲು ಮಂಜಿನಲ್ಲಿ ಅರ್ಧ ಮುಳುಗಿತ್ತು. ಸ್ಪೀಡೋಮೀಟರಿನ ಮುಳ್ಳು ಐವತ್ತಕ್ಕೆ ಬಂತು. ಐವತ್ತೈದು. ಅರವತ್ತು. ಸ್ಟೀರಿಂಗು ಕೆರೆಯ ನೀರಿನಂತೆ ಸುಮ್ಮನಿತ್ತು. ಅಪ್ಪ ಎರಡೂ ಅಂಗೈಗಳನ್ನು ಒಂದು ಕೂದಲೆಳೆಯಷ್ಟು ಮೇಲೆತ್ತಿದರು. ಲಾರಿ ತನ್ನ ಪಾಡಿಗೆ ನೇರ ಹೋಯಿತು. ಬಂಡೆಗುಡ್ಡಗಳು ತೇಲಿಬಂದವು. ಫಲಿತಾಂಶ ಬರೆದುಕೊಳ್ಳಲು ತಂದಿದ್ದ ಪೆನ್ನು ಕೈಯಲ್ಲೇ ಇತ್ತು. ನಾಚಿಕೆಯಾದರೂ ಹೇಳುತ್ತೇನೆ, ನಾನು ನಿದ್ದೆ ಹೋದೆ.

ವಾಪಸು ಬಂದು ಓನರಿಗೆ ಎಲ್ಲ ವಿವರಿಸಿ, ಅಪ್ಪನನ್ನೇ ಮತ್ತೆ ಗಾಡಿಗೆ ಹಾಕಿ ಎಂದು ಕೇಳಿದೆ. ಅವರು ತಾಳ್ಮೆಯಿಂದ ಕೇಳಿ, "ನೋಡೋಣಮ್ಮಾ," ಎಂದರು. ನಮ್ಮ ಕಡೆ ನೋಡೋಣ ಎಂಬ ಮಾತಿಗೆ ತಳವಿಲ್ಲ. ಹೆಣ್ಣು ಕೇಳಲು ಬಂದವರು ಅನ್ನುತ್ತಾರೆ, ಆಫೀಸಿನವರು ಅನ್ನುತ್ತಾರೆ, ಡಾಕ್ಟರೂ ಅನ್ನುತ್ತಾರೆ. ರಾಯಲ್ಪಾಡಿನ ಡ್ರೈವರಿಗೆ ಮಾತು ಕೊಟ್ಟಾಗಿದೆ ಎಂದು ಯಾರೋ ಹೇಳಿದರು. ಅಪ್ಪ ಮತ್ತೆ ಗೇಟಿನಲ್ಲಿ ಕೂತು ಬೇರೆಯವರ ಲಾರಿಗಳಿಗೆ ಬಾಗಿಲು ತೆರೆದರು. ನನ್ನ ಪ್ರಾಜೆಕ್ಟಿಗೆ ಒಳ್ಳೆಯ ಮಾರ್ಕು ಬಂತು, ರಿಸಲ್ಟೂ ಬಂತು. ಮನೆಯಲ್ಲಿ ಹೋಳಿಗೆ ಮಾಡಿದರು. ಅಪ್ಪ ತಿಂದರು, ಚೆನ್ನಾಗಿದೆ ಎಂದರು. ಅವರ ಗಾಡಿಯ ಕಾಯಿಲೆ ಕಂಡುಹಿಡಿದು ಪಾಸಾದವಳಿಗೆ ಅವರನ್ನು ಅದರೊಳಗೆ ಕೂರಿಸಲು ಆಗಲಿಲ್ಲವಲ್ಲ ಎಂದು ನನ್ನ ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಸರ್ಟಿಫಿಕೇಟ್ ಕೊಡುವ ದಿನ ಅಮ್ಮ ಅಪ್ಪನಿಗೆಂದು ಜರಿಯಂಚಿನ ಪಂಚೆ ಇಸ್ತ್ರಿ ಮಾಡಿಸಿಟ್ಟಿದ್ದರು. ಬೆಳಿಗ್ಗೆಯೇ ಯಾರ್ಡಿನಿಂದ ಕರೆ ಬಂದು ಅಪ್ಪ ಹೋದವರು ಬರಲೇ ಇಲ್ಲ. ಕಾಲೇಜಿನ ಸಭಾಂಗಣದಲ್ಲಿ ಅಮ್ಮ ಒಬ್ಬರೇ ಕೂತು ಬಾಗಿಲ ಕಡೆ ನೋಡುತ್ತಿದ್ದರು. ನನ್ನ ಹೆಸರು ಕೂಗಿದರು, ವೇದಿಕೆ ಹತ್ತಿದೆ. ಇಳಿದು ಬರುವಾಗ ನೋಡಿದರೆ ಹಿಂದಿನ ಸಾಲಿನಲ್ಲಿ ಅಪ್ಪ ನಿಂತಿದ್ದಾರೆ, ಖಾಕಿ ಅಂಗಿಯಲ್ಲಿ.

"ಆ ಪಂಚೆ ಯಾರಿಗ್ ಇಟ್ಟಿದ್ದೆ ನಾನು?" ಎಂದು ಅಮ್ಮ ಸಣ್ಣ ದನಿಯಲ್ಲೇ ಜಾಡಿಸಿದರು. ಅಪ್ಪ ಕೈಗಳನ್ನು ಅಂಗಿಗೆ ಒರೆಸಿಕೊಂಡು ನನ್ನ ಸರ್ಟಿಫಿಕೇಟನ್ನು ಅಂಚುಗಳಲ್ಲಿ ಹಿಡಿದರು. ನನ್ನ ಹೆಸರಿನ ಒಂದೊಂದು ಅಕ್ಷರದ ಕೆಳಗೂ ಬೆರಳು ನಡೆಸಿ ಓದಿದರು. ಓದಿ ಮುಗಿಸಿ ನನ್ನ ಕೈಗೆ ವಾಪಸು ಕೊಟ್ಟರು.

"ಜೋಪಾನವಾಗಿ ಇಟ್ಕೋ ಕಣಮ್ಮ," ಎಂದರು. "ನಾನು ನಿಲ್ಲೋಕಾಗಲ್ಲ, ಬರ್ತೀನಿ. ಮಾಲೂರಲ್ಲಿ ಲೋಡ್ ಐತೆ."